ಹಾಲೂಡಿಸುವಾಗ ಮೊಲೆತೊಟ್ಟು ಬಿರಿದರೆ

ಹೆರಿಗೆಯಾದ ಹೊಸತರಲ್ಲಿ ನನ್ನ ಮೊಲೆತೊಟ್ಟುಗಳು ಬಿರಿದು, ಮಗು ಬಾಯಿ ಹಾಕಿದೊಡನೆ ಕಣ್ಣಲ್ಲಿ ನೀರು ಬರುವಷ್ಟು ಉರಿಯುತ್ತಿದ್ದವು. ಬಾಣಂತಿಯಾದವಳು ಇದನ್ನೆಲ್ಲ ಸಹಿಸಿಕೊಳ್ಳಬೇಕು ಎಂದು ಹಿರಿಯರು ಹೇಳುವುದುಂಟು. ಆದರೆ ಹಾಲೂಡಿಸುವಾಗ ಉದ್ದಕ್ಕೂ ನೋವಿದ್ದರೆ, ಮಗು ತೊಟ್ಟಿನ ತುದಿಯನ್ನಷ್ಟೇ ಹಿಡಿದಿರುವುದು ಅದಕ್ಕೆ ಸಾಮಾನ್ಯ ಕಾರಣ. ಮಗುವಿನ ಮೂಗು ತೊಟ್ಟಿಗೆ ಎದುರಾಗುವಂತೆ ಹಿಡಿದು, ಅದು ಆಕಳಿಸುವಾಗಿನಷ್ಟು ಬಾಯಿ ಅಗಲಿಸುವವರೆಗೆ ಕಾದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ, ಅದರಲ್ಲೂ ಕೆಳಗಿನ ಅಂಚು ಹೆಚ್ಚಾಗಿ, ಬಾಯೊಳಗೆ ಹೋಗುವಂತೆ ಎದೆಗೆ ಸೆಳೆದುಕೊಳ್ಳಬೇಕು. ಆಗ ಮಗುವಿನ ಗದ್ದ ಎದೆಗೆ ತಾಗಿರುತ್ತದೆ, ಕೆಳತುಟಿ ಹೊರಕ್ಕೆ ಮಡಚಿರುತ್ತದೆ. ಆದರೂ ನೋವಾದರೆ ಎಳೆದು ಬಿಡಿಸದೆ, ಬಾಯಿಯ ಮೂಲೆಯಲ್ಲಿ ಶುಚಿಯಾದ ಕಿರುಬೆರಳನ್ನು ತೂರಿಸಿ ಹಿಡಿತ ಸಡಿಲಿಸಿ ಮತ್ತೆ ಹಿಡಿಸಬೇಕು. ಕುಡಿದು ಬಿಟ್ಟ ತೊಟ್ಟು ಹೊಸ ಲಿಪ್‌ಸ್ಟಿಕ್ಕಿನ ತುದಿಯಂತೆ ಓರೆಯಾಗಿ ಚಪ್ಪಟೆಯಾಗಿದೆಯೇ ಎಂದೂ ಗಮನಿಸಿ. ಹಾಗಿದ್ದರೆ ಹಿಡಿತ ಇನ್ನೂ ಸರಿಹೋಗಿಲ್ಲ.

ತೊಟ್ಟಿಗೆ ಸೋಪು ಬೇಡವೇ ಬೇಡ. ಕಪ್ಪು ಭಾಗದಲ್ಲಿ ಕಾಣುವ ಪುಟ್ಟ ಗುಳ್ಳೆಗಳಂಥ ಗ್ರಂಥಿಗಳು ಸ್ರವಿಸುವ ಎಣ್ಣೆಯಂಶವನ್ನು ಅದು ತೊಳೆದುಹಾಕುತ್ತದೆ. ಕುಡಿಸಿದ ಮೇಲೆ ಒಂದೆರಡು ಹನಿ ಎದೆಹಾಲನ್ನೇ ಸವರಿ ಗಾಳಿಗೆ ಆರಲು ಬಿಟ್ಟದ್ದು ನನಗೆ ಹಿತವೆನಿಸಿತು. ಎದೆಯ ಒಂದು ಭಾಗ ಕೆಂಪಾಗಿ, ಗಟ್ಟಿಯಾಗಿ, ಚಳಿಜ್ವರ ಬಂದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಬೇಕು; ಸಾಮಾನ್ಯವಾಗಿ ಆಗಲೂ ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ.