ಡ್ರೇನ್ ಎಷ್ಟಾಯಿತು?

ಕಾಲೇಜು ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿಗಳ ನೆನಪು ಎಂದರೆ ಹಾಸ್ಟೆಲ್ ಮೆಸ್ಸು, ಪಣಂಬೂರಿನ ಸಂಜೆ, ಕಾಲೇಜ್ ಡೇ. ಸಿಟಿವಿಎಸ್, ಅಂದರೆ ಹೃದಯ, ಎದೆ ಮತ್ತು ರಕ್ತನಾಳಗಳ ಶಸ್ತ್ರಚಿಕಿತ್ಸೆಯಲ್ಲಿ ಎಂ.ಸಿ.ಎಚ್. ಪದವಿ ಮಾಡಿದವರ ಬಳಿ ಅಂಥ ಸರಕು ಕಡಿಮೆ. ಮಂಗಳೂರಿನಲ್ಲೇ ಇದ್ದುಕೊಂಡು ತಿಂಗಳುಗಟ್ಟಲೆ ಕಡಲು ನೋಡದೆ ಕಳೆಯುವ ಕೋರ್ಸ್ ಅದು. ಹಾಗಾಗಿ ನೆನಪಿನಲ್ಲಿ ಉಳಿದ ಕೆಲಸವನ್ನೇ ಬರೆಯುತ್ತೇನೆ. ಹೃದಯ ಮತ್ತು ಎದೆಯ ಶಸ್ತ್ರಚಿಕಿತ್ಸೆ ಕಲಿಯಬೇಕೆಂದಿರುವ ಕಿರಿಯರಿಗೆ ಅಷ್ಟಾದರೂ ಪ್ರಯೋಜನವಾದೀತು.

ದಾರಿ ಉದ್ದದ್ದೇ. ಎಂಬಿಬಿಎಸ್, ಆಮೇಲೆ ಜನರಲ್ ಸರ್ಜರಿಯಲ್ಲಿ ಮೂರು ವರ್ಷದ ಎಂ.ಎಸ್., ನೀಟ್ ಎಸ್‌ಎಸ್ ಪ್ರವೇಶ ಪರೀಕ್ಷೆ, ಅದರ ಮೇಲೆ ಮೂರು ವರ್ಷದ ಎಂ.ಸಿ.ಎಚ್. ಎಂಬಿಬಿಎಸ್ ಮುಗಿಸಿ ನೇರವಾಗಿ ಆರು ವರ್ಷದ ಡಿಆರ್‌ಎನ್‌ಬಿ ಕೋರ್ಸ್ ಸೇರುವ ಮಾರ್ಗವೂ ಇದೆ. ಆದರೂ ದೇಶದಲ್ಲಿ ಈ ವಿಷಯದ ಸೀಟುಗಳು ಖಾಲಿ ಉಳಿಯುವುದು ಹೊಸ ಸುದ್ದಿಯಲ್ಲ. ಸ್ಟೆಂಟ್ ಬಂದ ಮೇಲೆ ಬೈಪಾಸ್‌ಗೆ ಕಾಲವಿಲ್ಲ ಎಂಬ ಮಾತು ಒಂದು ಕಡೆ, ಸ್ವಂತವಾಗಿ ಕೇಸ್ ಮಾಡುವಷ್ಟರಲ್ಲಿ ತಲೆ ನರೆಯುತ್ತದೆ ಎಂಬ ಭಯ ಇನ್ನೊಂದು ಕಡೆ. ಎರಡನೆಯದರಲ್ಲಿ ಸ್ವಲ್ಪ ನಿಜವಿದೆ. ಆದರೆ ರೆಸಿಡೆಂಟ್‌ಗಳು ಕಡಿಮೆ ಇರುವ ವಿಭಾಗದಲ್ಲಿ ಇದ್ದವರ ಕೈಗೆ ಕೆಲಸ ಹೆಚ್ಚು ಸಿಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ.

ಮೊದಲು ಕೈಗೆ ಬರುವುದು ಕಾಲು. ಬೈಪಾಸ್‌ಗೆ ಬೇಕಾದ ಸಫೀನಸ್ ವೇಯ್ನ್ ಎಂಬ ಕಾಲಿನ ರಕ್ತನಾಳ ತೆಗೆಯುವುದು ಹೊಸಬರ ಪಾಲಿನ ಕೆಲಸ. ಅದರ ಕವಲುಗಳನ್ನು ಮುಖ್ಯನಾಳಕ್ಕೆ ತೀರ ಒತ್ತಿ ಕಟ್ಟಿದರೆ ಆ ಜಾಗದಲ್ಲಿ ನಾಳ ಕಿರಿದಾಗುತ್ತದೆ. ದೂರ ಬಿಟ್ಟು ಕಟ್ಟಿದರೆ ಉಳಿದ ಮೋಟಿನೊಳಗೆ ರಕ್ತ ಹೆಪ್ಪುಗಟ್ಟುತ್ತದೆ. ಸುಮಾರು ಒಂದು ಮಿಲಿಮೀಟರ್ ಬಿಟ್ಟು ಕಟ್ಟಬೇಕು. ಸೋರುವ ಕಡೆ ಹುಡುಕಲು ಸಿರಿಂಜ್‌ನಿಂದ, ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿದ ರಕ್ತ ತುಂಬಿಸುತ್ತಾರೆ. ಅಲ್ಲಿ ಬಲ ಹಾಕಿ ಉಬ್ಬಿಸಿದರೆ ನಾಳದ ಒಳಪದರ ಹಾಳಾಗುತ್ತದೆ. ಆ ತಪ್ಪು ಅಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದೆ ಗ್ರಾಫ್ಟ್, ಅಂದರೆ ಜೋಡಿಸಿದ ಆ ನಾಳ, ಮುಚ್ಚಿದಾಗಲೇ ಗೊತ್ತಾಗುವುದು. ವೇಯ್ನ್‌ನೊಳಗೆ ಕವಾಟಗಳಿರುವುದರಿಂದ ಅದನ್ನು ತಿರುವಿ ಹಾಕಬೇಕು: ಪಾದದ ಕಡೆಯ ತುದಿ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಅಯೋರ್ಟಾಕ್ಕೆ, ತೊಡೆಯ ಕಡೆಯದು ಹೃದಯಕ್ಕೇ ರಕ್ತ ಕೊಡುವ ಕರೊನರಿ ನಾಳಕ್ಕೆ. ತೆಗೆದ ಕ್ಷಣವೇ ಒಂದು ತುದಿಗೆ ಗುರುತು ಹಾಕದಿದ್ದರೆ ಆಮೇಲೆ ಟ್ರೇಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಹೊಲಿಗೆಯ ಅಭ್ಯಾಸಕ್ಕೆ ಮಟನ್ ಅಂಗಡಿಯ ಆಡಿನ ಹೃದಯದಷ್ಟು ಒಳ್ಳೆಯ ಗುರು ಇಲ್ಲ. ಹೃದಯದ ಮುಂಭಾಗದಲ್ಲಿ ಇಳಿಯುವ ಕರೊನರಿಯನ್ನು ಐದಾರು ಮಿಲಿಮೀಟರ್ ಸೀಳಿ, 7-0 ಪ್ರೋಲೀನ್ ಎಂಬ ತೆಳು ದಾರದಲ್ಲಿ ವೇಯ್ನ್ ಜೋಡಿಸುತ್ತ ಕೂರಬೇಕು. ಹೊಟ್ಟೆಯ ಆಪರೇಷನ್ ಮಾಡಿ ಬಂದ ಕೈ ಸೂಜಿಯನ್ನು ತಳ್ಳುತ್ತದೆ. ಇಲ್ಲಿ ಸೂಜಿ ತನ್ನ ಬಾಗಿನ ಗುಂಟವೇ ತಿರುಗಿ ಹೊರಬರಬೇಕು, ಇಲ್ಲದಿದ್ದರೆ ಪ್ರತಿ ತೂತೂ ಸೀಳಾಗುತ್ತದೆ. ಮಾಮೂಲಿ ತಪ್ಪು ಎರಡು. ಒಂದು, ಎದುರಿನ ಗೋಡೆಯೂ ಸೂಜಿಗೆ ಸಿಕ್ಕಿ ನಾಳ ಮುಚ್ಚುವುದು. ಇನ್ನೊಂದು, ಕೊನೆಯ ಗಂಟನ್ನು ಬಿಗಿಯಾಗಿ ಎಳೆದು ಇಡೀ ಜೋಡಣೆಯನ್ನು ಸಂಚಿಯ ಬಾಯಿಯಂತೆ ಮುದುಡಿಸುವುದು. ಮುಗಿದ ಮೇಲೆ ಸಿರಿಂಜ್‌ನಲ್ಲಿ ನೀರು ಬಿಟ್ಟು ನೋಡಬೇಕು. ಸೋರುವುದಿದ್ದರೆ ಹೆಚ್ಚಾಗಿ ಎರಡು ತುದಿಗಳಲ್ಲೇ ಸೋರುತ್ತದೆ.

ಪಂಪ್ ಎಂದು ನಾವೆಲ್ಲ ಕರೆಯುವ ಹಾರ್ಟ್-ಲಂಗ್ ಮೆಷಿನ್‌ನದು ಬೇರೆಯೇ ಲೆಕ್ಕ. ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದದ್ದು 1953ರಲ್ಲಿ. ಅದೇ ವರ್ಷದ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಇಂಥ ಯಂತ್ರದ ನೆರವಿನಿಂದ 18 ವರ್ಷದ ಹುಡುಗಿಯೊಬ್ಬಳ ಹೃದಯದ ತೂತು ಮುಚ್ಚಿದರು. 26 ನಿಮಿಷ ಅವಳ ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನೆಲ್ಲ ಯಂತ್ರವೇ ಮಾಡಿತು. ಇಂದು ಇಡೀ ಕೆಲಸ ದಿನಚರಿಯಾಗಿದೆ, ಆದರೆ ಕ್ರಮದಲ್ಲಿ ಒಂದು ಹೆಜ್ಜೆ ತಪ್ಪಿದರೂ ಯಂತ್ರ ಕ್ಷಮಿಸುವುದಿಲ್ಲ.

60 ಕಿಲೋ ತೂಕದ ರೋಗಿ ಎಂದಿಟ್ಟುಕೊಳ್ಳಿ. ಕಿಲೋಗೆ 300 ಯೂನಿಟ್‌ನಂತೆ 18,000 ಯೂನಿಟ್ ಹೆಪಾರಿನ್. ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್‌ನಲ್ಲಿ ಕೊಡುವ ಮೊದಲು ರಕ್ತ ಎಳೆದು ನೋಡಬೇಕು. ಲೈನ್ ನಾಳದೊಳಗೆ ಇಲ್ಲದಿದ್ದರೆ ಹೆಪಾರಿನ್ ಕೊಟ್ಟೂ ಕೊಡದಂತೆ. ಮೂರು ನಿಮಿಷ ಬಿಟ್ಟು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಎಸಿಟಿ ಪರೀಕ್ಷೆ. 480 ಸೆಕೆಂಡ್ ದಾಟುವವರೆಗೆ ಪಂಪ್ ಆನ್ ಎಂಬ ಮಾತೇ ಇಲ್ಲ. ವಾರ್ಡಿನಲ್ಲಿ ಹಲವು ದಿನ ಹೆಪಾರಿನ್ ಪಡೆದವರಲ್ಲಿ ಅದು ಕೆಲಸ ಮಾಡಲು ಬೇಕಾದ ಆಂಟಿಥ್ರಾಂಬಿನ್ ಕುಗ್ಗಿರುತ್ತದೆ, ಎಸಿಟಿ ಏರುವುದಿಲ್ಲ. ಇನ್ನಷ್ಟು ಹೆಪಾರಿನ್ ಕೊಟ್ಟರೂ ಏರದಿದ್ದರೆ ಪ್ಲಾಸ್ಮಾ ಕೊಡಬೇಕಾಗುತ್ತದೆ.

ಪಂಪ್‌ನ ರಕ್ತ ಮೈಗೆ ಮರಳಲು ಅಯೋರ್ಟಾಕ್ಕೆ ಕ್ಯಾನುಲಾ ಎಂಬ ನಳಿಕೆ ಹಾಕುವ ಮುನ್ನ ಬೆರಳಿಂದ ಒತ್ತಿ ನೋಡಿ ಸುಣ್ಣಗಟ್ಟಿದ ಜಾಗ ಬಿಡಬೇಕು, ಅರಿವಳಿಕೆಯವರಿಗೆ ಹೇಳಿ ಬಿಪಿಯನ್ನು 100ರ ಆಸುಪಾಸಿಗೆ ಇಳಿಸಬೇಕು. ಒಂದರೊಳಗೊಂದು ಎರಡು ಪರ್ಸ್‌ಸ್ಟ್ರಿಂಗ್ (ಸುತ್ತ ಹಾಕಿ ಎಳೆದು ಮುಚ್ಚುವ) ಹೊಲಿಗೆ, ನಡುವೆ ಚುಚ್ಚು, ಕ್ಯಾನುಲಾ ಒಳಗೆ. ಬಿಪಿ ಇಳಿಸದೆ ಚುಚ್ಚಿದರೆ ಗೋಡೆಯ ಪದರಗಳು ಸೀಳಿಕೊಳ್ಳುವ ಅಪಾಯ. ಟ್ಯೂಬ್ ಜೋಡಿಸಿದ ಮೇಲೆ ಪಂಪ್ ನಡೆಸುವ ಪರ್ಫ್ಯೂಷನಿಸ್ಟ್ ‘ಸ್ವಿಂಗ್ ಇದೆ’ ಎನ್ನಬೇಕು, ಅಂದರೆ ರೋಗಿಯ ನಾಡಿಬಡಿತ ಅವರ ಗೇಜ್‌ನಲ್ಲೂ ಕಾಣಬೇಕು. ಪಂಪ್ ಶುರುವಾದೊಡನೆ ಲೈನ್ ಪ್ರೆಶರ್ ಮೇಲೆ ಹೋಗಿ ರೋಗಿಯ ಬಿಪಿ ಕೆಳಗಿಳಿದರೆ ಚರ್ಚೆ ಬೇಡ, ಪಂಪ್ ನಿಲ್ಲಿಸಿ ಕ್ಯಾನುಲಾ ನೋಡಬೇಕು. ಪಂಪ್ ಎಷ್ಟು ರಕ್ತ ಕಳಿಸಬೇಕೆಂಬ ಫ್ಲೋ ಲೆಕ್ಕ ಸುಲಭ: ಮೈಯ ಮೇಲ್ಮೈ 1.6 ಚದರ ಮೀಟರ್ ಇದ್ದರೆ ಚದರ ಮೀಟರ್‌ಗೆ 2.4 ಲೀಟರ್‌ನಂತೆ ನಿಮಿಷಕ್ಕೆ 3.8 ಲೀಟರ್ ಚಿಲ್ಲರೆ.

ಹೃದಯ ನಿಲ್ಲಿಸುವ ಕಾರ್ಡಿಯೋಪ್ಲೀಜಿಯಾ ದ್ರಾವಣ ಸುಮಾರು 4 ಡಿಗ್ರಿಯದು. ಡೆಲ್ ನಿಡೋ ಎಂಬ ಬಗೆಯದಾದರೆ ಒಂದು ಪಾಲು ರಕ್ತ, ನಾಲ್ಕು ಪಾಲು ದ್ರಾವಣ, ಕಿಲೋಗೆ 20 ಮಿಲಿ. ರಕ್ತ ಬೆರೆಸಿದ ಹಳೆಯ ಬಗೆಯದನ್ನು 20 ನಿಮಿಷಕ್ಕೊಮ್ಮೆ ಮತ್ತೆ ಕೊಡಬೇಕು. ಅಯೋರ್ಟಿಕ್ ಕವಾಟ ಸೋರುವವರಲ್ಲಿ ಮಾಮೂಲಿನಂತೆ ಅಯೋರ್ಟಾದ ಬುಡಕ್ಕೆ ಬಿಟ್ಟರೆ ದ್ರಾವಣ ಕರೊನರಿಗೆ ಹೋಗದೆ ಹೃದಯದ ಕೆಳಗಿನ ಎಡ ಕೋಣೆಯಾದ ಎಡ ಕುಕ್ಷಿಯನ್ನು ಉಬ್ಬಿಸುತ್ತದೆ. ಅಂಥವರಲ್ಲಿ ಅಯೋರ್ಟಾ ತೆರೆದು ಕರೊನರಿಯ ಬಾಯಿಗಳಿಗೇ ಕೊಡಬೇಕು, ಇಲ್ಲವೇ ಕರೊನರಿ ಸೈನಸ್ ಎಂಬ ರಕ್ತನಾಳದ ಮೂಲಕ ಹಿಮ್ಮುಖವಾಗಿ. ಹೃದಯದ ಎಡ ಭಾಗ ತೆರೆದ ಕೇಸ್‌ಗಳಲ್ಲಿ ಕೊನೆಗೆ ಗಾಳಿ ತೆಗೆಯುವ ಕೆಲಸದಲ್ಲಿ ಅವಸರ ಸಲ್ಲ. ಬಲ ಕರೊನರಿಯ ಬಾಯಿ ಮುಂಭಾಗದಲ್ಲಿರುವುದರಿಂದ ಉಳಿದ ಗುಳ್ಳೆ ಅಲ್ಲಿಗೇ ಹೋಗುತ್ತದೆ, ಬಲ ಕುಕ್ಷಿ ಉಬ್ಬಿ ಬಡಿಯುವುದನ್ನೇ ಮರೆಯುತ್ತದೆ. ಬಿಪಿ ಏರಿಸಿ, ಪಂಪ್ ಮೇಲೆ ಇನ್ನಷ್ಟು ಹೊತ್ತು ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕೊನೆಯದು ಹೆಪಾರಿನ್‌ನ ಪರಿಣಾಮ ತೆಗೆಯುವ ಪ್ರೊಟಮೀನ್: 100 ಯೂನಿಟ್ ಹೆಪಾರಿನ್‌ಗೆ 1 ಮಿಲಿಗ್ರಾಂ, ಅಂದರೆ ನಮ್ಮ ರೋಗಿಗೆ 180. ನಿಧಾನಕ್ಕೆ ಕೊಡಬೇಕು, ಮೂರನೇ ಒಂದು ಪಾಲು ಹೋಗುವಷ್ಟರಲ್ಲಿ ಎದೆಯ ರಕ್ತ ಹೀರಿ ಯಂತ್ರಕ್ಕೆ ಮರಳಿಸುವ ಪಂಪ್ ಸಕ್ಕರ್ ನಿಲ್ಲಿಸಿರಬೇಕು. ಇಲ್ಲದಿದ್ದರೆ ಪಂಪ್‌ನ ಆಕ್ಸಿಜನೇಟರ್‌ನಲ್ಲೇ ರಕ್ತ ಹೆಪ್ಪುಗಟ್ಟುತ್ತದೆ.

ಇದೆಲ್ಲ ಕೈಯ ಕೆಲಸ. ಎರಡು ವರ್ಷದಲ್ಲಿ ಬಂದುಬಿಡುತ್ತದೆ. ಬಾರದೆ ಸತಾಯಿಸುವುದು ರಾತ್ರಿಯ ಐಸಿಯು. ಯಾವ ಸೀನಿಯರ್ ಫೋನ್ ಮಾಡಿದರೂ ಮೊದಲ ಪ್ರಶ್ನೆ ಒಂದೇ: “ಡ್ರೇನ್ ಎಷ್ಟಾಯಿತು?” ಅಂದರೆ ಎದೆಯೊಳಗಿಟ್ಟ ಟ್ಯೂಬ್‌ನಿಂದ ಎಷ್ಟು ರಕ್ತ ಹೊರಬಂತು ಎಂದು. ಮೊದಲ ಗಂಟೆಯಲ್ಲಿ 400 ಮಿಲಿ ದಾಟಿದರೆ, ಅಥವಾ ಎರಡು ಗಂಟೆ ಸತತವಾಗಿ 300ರ ಮೇಲಿದ್ದರೆ, ಮತ್ತೆ ಒಟಿಗೆ. ಅದಕ್ಕಿಂತ ಕಡಿಮೆಯಿದ್ದರೆ ಮೈ ಬಿಸಿ ಇದೆಯೇ, ಎಸಿಟಿ ಎಷ್ಟು, ಕ್ಯಾಲ್ಸಿಯಂ, ಪ್ಲೇಟ್‌ಲೆಟ್ ಹೇಗಿದೆ ಎಂದು ನೋಡಿ ಸರಿಪಡಿಸುತ್ತ ಕಾಯಬಹುದು. ಹೆದರಬೇಕಾದದ್ದು ಬೇರೆಯದಕ್ಕೆ. ಗಂಟೆಗೆ 150 ಬರುತ್ತಿದ್ದ ಡ್ರೇನ್ ಏಕಾಏಕಿ 10ಕ್ಕೆ ಇಳಿದಾಗ ಹೊಸಬರು ರಕ್ತಸ್ರಾವ ನಿಂತಿತು ಎಂದು ಖುಷಿಪಡುತ್ತಾರೆ. ಸಿವಿಪಿ (ಹೃದಯಕ್ಕೆ ಮರಳುವ ದೊಡ್ಡ ನಾಳದ ಒತ್ತಡ) ಏರುತ್ತಿದ್ದು, ಬಿಪಿ ಇಳಿಯುತ್ತಿದ್ದು, ಮೂತ್ರ ಕಡಿಮೆಯಾಗಿದ್ದರೆ ಅದು ನಿಂತದ್ದಲ್ಲ. ಟ್ಯೂಬ್ ಹೆಪ್ಪಿನಿಂದ ಮುಚ್ಚಿ ರಕ್ತ ಹೃದಯದ ಸುತ್ತ ಸೇರುತ್ತಿದೆ. ಎಕೋಗೆ ಕಾಯುತ್ತ ಕೂರುವ ಹೊತ್ತಲ್ಲ ಅದು; ಹೆಪ್ಪು ಹೃದಯದ ಹಿಂದಿದ್ದರೆ ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಕಾಣದೆಯೂ ಹೋಗಬಹುದು.

ಎದೆಯ ಭಾಗವನ್ನು ಹಲವರು ಹೃದಯದ ಬಾಲ ಎಂದುಕೊಳ್ಳುತ್ತಾರೆ. ನಮ್ಮೂರ ಕಡೆ ಅದೇ ಅರ್ಧ ಕೆಲಸ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲು ಮರ ಹತ್ತಿದವರು ಜಾರಿ ಬಿದ್ದು ಪಕ್ಕೆಲುಬು ಮುರಿದುಕೊಂಡು, ಎದೆಯಲ್ಲಿ ರಕ್ತ ತುಂಬಿಕೊಂಡು ಬರುತ್ತಾರೆ. ಕಂಕುಳ ಕೆಳಗೆ ಐದನೇ ಪಕ್ಕೆಸಂದಿನಲ್ಲಿ, ಕೆಳಗಿನ ಎಲುಬಿನ ಮೇಲಂಚಿಗೆ ಅಂಟಿ ಟ್ಯೂಬ್ ಹಾಕಬೇಕು; ಪ್ರತಿ ಎಲುಬಿನ ಕೆಳಅಂಚಿನಲ್ಲಿ ರಕ್ತನಾಳ, ನರ ಇರುತ್ತವೆ. ಒಮ್ಮೆಗೇ 1500 ಮಿಲಿ ಬಂದರೆ ಎದೆ ತೆರೆಯಬೇಕು. ಟ್ಯೂಬ್‌ನ ತುದಿ ಬಾಟಲಿಯ ನೀರಿನಲ್ಲಿ 2 ಸೆಂಟಿಮೀಟರ್ ಮುಳುಗಿದ್ದರೆ ಸಾಕು. ಗುಳ್ಳೆ ಬರುತ್ತಿರುವ ಟ್ಯೂಬ್‌ಗೆ ಕ್ಲ್ಯಾಂಪ್ ಹಾಕಿ ಎಕ್ಸ್‌ರೇಗೆ ಕಳಿಸುವುದು ಎಲ್ಲ ಕಡೆಯೂ ನಡೆಯುವ ತಪ್ಪು. ಗಾಳಿ ಒಳಗೇ ಒತ್ತಡ ಕಟ್ಟಿ ರೋಗಿ ಲಿಫ್ಟ್‌ನಲ್ಲೇ ಕುಸಿಯಬಹುದು. ಬಾಟಲಿ ಎದೆಗಿಂತ ಕೆಳಗಿದ್ದರೆ ಕ್ಲ್ಯಾಂಪ್ ಬೇಕಾಗಿಲ್ಲ. ಒಳಗುಳಿದ ರಕ್ತವನ್ನು ಬೇಗ, ವಾರದೊಳಗೆ, ದುರ್ಬೀನು ಹಾಕಿ ತೆಗೆದರೆ ಸಣ್ಣ ಕೆಲಸ. ಬಿಟ್ಟರೆ ಕೀವಾಗಿ, ಶ್ವಾಸಕೋಶದ ಮೇಲೆ ಸಿಪ್ಪೆ ಕಟ್ಟಿ, ಅದನ್ನು ಸುಲಿಯುವ ದೊಡ್ಡ ಆಪರೇಷನ್. ಟಿಬಿಯವರದೂ ಇದೇ ಕಥೆ. ಇನ್ನು ಡಯಾಲಿಸಿಸ್‌ನವರ ಮಣಿಕಟ್ಟಿನ ಫಿಸ್ಟುಲಾ, ಅಂದರೆ ಎರಡು ರಕ್ತನಾಳಗಳ ಜೋಡಣೆ: ಕೈಗೆ ನಾಳದ ಹೊಲಿಗೆ ಕೂರುವುದು ಅಲ್ಲಿಯೇ, ಚಿಕ್ಕ ಕೇಸ್ ಎಂದು ತಪ್ಪಿಸಿಕೊಳ್ಳಬೇಡಿ.

ಕವಾಟ ಬದಲಿಸಿದವರನ್ನು ಮನೆಗೆ ಕಳಿಸುವ ಮಾತು ಕಲಿಯಲು ಯಾವ ಪುಸ್ತಕವೂ ಸಾಲದು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡು 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದ ಚಿತ್ರಾ ಕವಾಟ ನಮ್ಮ ಎಷ್ಟೋ ಬಡ ರೋಗಿಗಳಿಗೆ ಆಸರೆ. ಅದರ ಬಿಲ್ಲೆ ಪ್ಲಾಸ್ಟಿಕ್‌ನದಾದ್ದರಿಂದ ಸದ್ದು ಮೆತ್ತಗೆ. ಮೈಟ್ರಲ್ ಜಾಗದ, ಅಂದರೆ ಹೃದಯದ ಎಡ ಭಾಗದ ಎರಡು ಕೋಣೆಗಳ ನಡುವಿನ, ಲೋಹದ ಕವಾಟಕ್ಕೆ ರಕ್ತ ತೆಳುಗೊಳಿಸುವ ಮಾತ್ರೆಯ ಪರಿಣಾಮ ಅಳೆಯುವ ಐಎನ್‌ಆರ್ 2.5ರಿಂದ 3.5ರೊಳಗೆ ಇರಬೇಕು ಎಂದರೆ ರೋಗಿಗೆ ಏನೂ ಹೇಳಿದಂತಾಗಲಿಲ್ಲ. “ಬಸಳೆ ತಿನ್ನಬಾರದಾ ಡಾಕ್ಟ್ರೆ?” ಎಂದು ಕೇಳಿಯೇ ಕೇಳುತ್ತಾರೆ. ತಿನ್ನಬಹುದು, ಆದರೆ ಬಸಳೆ, ಹರಿವೆ, ನುಗ್ಗೆಸೊಪ್ಪು ವಾರವಾರ ಸುಮಾರು ಒಂದೇ ಅಳತೆಯಲ್ಲಿರಲಿ. ಮಳೆಗಾಲದ ಆಟಿ ತಿಂಗಳಲ್ಲಿ ದಿನಾ ಸೊಪ್ಪು, ಆಮೇಲೆ ತಿಂಗಳು ಪೂರ್ತಿ ಇಲ್ಲವೇ ಇಲ್ಲ ಎಂದಾದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಮೈಕೈ ನೋವಿಗೆ ಮೆಡಿಕಲ್‌ನಿಂದ ತಾವೇ ಮಾತ್ರೆ ತರಬಾರದು. ಹಲ್ಲು ಕೀಳಿಸುವ ಮೊದಲು ಹೇಳಬೇಕು. ಎದೆಯ ಟಿಕ್ ಟಿಕ್ ಕೇಳದಾದರೆ ಮರುದಿನಕ್ಕೆ ಇಡದೆ ಹೊರಟು ಬರಬೇಕು. ಚಾರ್ಮಾಡಿ, ಆಗುಂಬೆಯ ಆಚೆಯವರಿಗೆ ಇದನ್ನು ಎರಡೆರಡು ಸಲ ಹೇಳಬೇಕು. ತುಳು ಬಲ್ಲ ಸಿಸ್ಟರ್ ಪಕ್ಕದಲ್ಲಿದ್ದರೆ ಈಚೆಯವರಿಗೂ ಚೆನ್ನಾಗಿ ಮುಟ್ಟುತ್ತದೆ.

ಈ ವರ್ಷ ಸೇರುವವರು ಲೂಪ್, ಅಂದರೆ ಆಪರೇಷನ್‌ಗೆ ಹಾಕಿಕೊಳ್ಳುವ ಭೂತಗನ್ನಡಿಯ ಕನ್ನಡಕದ ಬಗ್ಗೆ ಕೇಳುತ್ತಿರುತ್ತಾರೆ. ಶುರುವಿಗೆ 2.5 ಪಟ್ಟಿನದು ಸಾಕು, ಕರೊನರಿ ಹೊಲಿಯುವ ಹೊತ್ತಿಗೆ 3.5 ಬೇಕಾಗುತ್ತದೆ. ಅಳತೆ ಕೊಡುವಾಗ ಕುರ್ಚಿಯಲ್ಲಿ ಕೂತು ಕೊಡಬೇಡಿ. ಟೇಬಲ್ ಮುಂದೆ, ಆಪರೇಷನ್‌ಗೆ ನಿಲ್ಲುವ ಹಾಗೇ ನಿಂತು, ಕಣ್ಣಿಂದ ಕೈಗೆ ಇರುವ ದೂರ ಅಳೆಸಿ. ಅದು ನಾಲ್ಕು ಬೆರಳು ತಪ್ಪಿದರೂ ಕುತ್ತಿಗೆ ನೋವು ಕೋರ್ಸ್ ಮುಗಿದ ಮೇಲೂ ಜೊತೆಗಿರುತ್ತದೆ.