ಸೈಲೆನ್ಸರ್ ಕಡೆಗಿರಲಿ, ಮೊದಲು ಲಿವರ್ ನೋಡಿ

ಬಳ್ಳಾರಿ ಕಡೆ ಹೊಸ ಆರ್15 ಅಥವಾ ಆರ್‌ಸಿ 390 ಬೈಕ್ ಮನೆಗೆ ಬಂತೆಂದರೆ ಮೊದಲ ಖರ್ಚು ಸೈಲೆನ್ಸರ್‌ಗೆ, ಎರಡನೆಯದು ಸ್ಟಿಕ್ಕರ್‌ಗೆ. ಸದ್ದು ಏರಿದರೆ ಪಿಕಪ್ಪೂ ಏರಿದಂತೆ ಕಿವಿಗೆ ಅನ್ನಿಸುತ್ತದೆ. ಆದರೆ 155 ಸಿಸಿ ಇಂಜಿನ್‌ಗೆ ಬರೀ ಸೈಲೆನ್ಸರ್ ಬದಲಿಸಿದರೆ ಸಿಗುವ ಶಕ್ತಿ ಸೀಟಿನ ಮೇಲೆ ಕೂತವನಿಗೆ ಗೊತ್ತಾಗುವಷ್ಟಿರುವುದಿಲ್ಲ. ಅದೇ ದುಡ್ಡು ಬ್ರೇಕ್, ಟೈರ್, ಶಾಕಪ್ ಕಡೆ ಹೋದರೆ ತೋರಣಗಲ್ಲಿನಿಂದ ಸಂಡೂರು ತಲುಪುವುದರೊಳಗೆ ಫರಕು ಕಾಣುತ್ತದೆ. ನಮ್ಮ ಕಡೆ ಬೈಕಿನ ವೇಗಕ್ಕೆ ಕಡಿವಾಣ ಹಾಕುವ ಸಂಗತಿಗಳೇ ಬೇರೆ: ತಿರುವಿನಲ್ಲಿ ಹರಡಿಕೊಂಡ ಅದಿರಿನ ಕೆಂಪು ಹುಡಿ, ಸಿಂಧನೂರು, ಗಂಗಾವತಿ ಕಡೆಯ ಕ್ಯಾಂಪುಗಳ (ವಲಸೆ ಬಂದವರ ಹಳ್ಳಿಗಳ) ಮುಂದಿನ ಬಣ್ಣವಿಲ್ಲದ ರಸ್ತೆ ಹಂಪು, ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಒಣಹಾಕಿದ ಭತ್ತ, 40 ಡಿಗ್ರಿ ದಾಟುವ ಬಿಸಿಲು.

ಒಂದು ರೂಪಾಯಿಯೂ ಖರ್ಚಿಲ್ಲದ ಕೆಲಸದಿಂದ ಶುರು ಮಾಡಬಹುದು. ಓಡಿಸುವಾಗ ಹೇಗೆ ಕೂರುತ್ತೀರೋ ಹಾಗೇ ಕೂತು, ಕಣ್ಣು ಮುಚ್ಚಿ ಬೆರಳುಗಳನ್ನು ಹ್ಯಾಂಡಲಿನ ಬ್ರೇಕ್, ಕ್ಲಚ್ ಲಿವರ್ ಮೇಲಿಡಿ. ಮೊಣಕೈಯಿಂದ ಬೆರಳಿನ ತುದಿವರೆಗೆ ಒಂದೇ ಗೆರೆ ಇರಬೇಕು. ಮಣಿಕಟ್ಟು ಮೇಲಕ್ಕೆ ಮುರಿದಿದ್ದರೆ ಲಿವರ್ ಹಿಡಿದಿರುವ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ, ಲಿವರನ್ನು ಕೆಳಕ್ಕೆ ತಿರುಗಿಸಿ. ಇಪ್ಪತ್ತು ಕಿಲೋಮೀಟರಿಗೇ ಅಂಗೈ ಜೋಮು ಹಿಡಿಯುವವರಲ್ಲಿ ಬಹಳ ಜನರ ಕಾಯಿಲೆ ಇಷ್ಟೇ. ಕ್ಲ್ಯಾಂಪನ್ನು ಮತ್ತೆ ಬಿಗಿ ಮಾಡುವಾಗ ಜೀವ ಹಾಕಿ ತಿರುಗಿಸಬೇಡಿ. ಕೈಯಿಂದ ಜೋರಾಗಿ ಒತ್ತಿದರೆ ಅಲುಗುವಷ್ಟು ಬಿಗಿ ಸಾಕು. ಗಾಡಿ ಬಿದ್ದಾಗ ಲಿವರ್ ತಿರುಗಿಕೊಳ್ಳುತ್ತದೆ, ಮುರಿಯುವುದಿಲ್ಲ.

ಕ್ಲಚ್ ವೈರಿನ ಸಡಿಲು ಲಿವರಿನ ತುದಿಯಲ್ಲಿ 10ರಿಂದ 15 ಮಿ.ಮೀ. ಇರಲಿ. ಕಡಿಮೆ ಇದ್ದರೆ ಕ್ಲಚ್ ಪೂರ್ತಿ ಹಿಡಿಯದೆ ಜಾರಿ ಪ್ಲೇಟು ಸುಡುತ್ತವೆ. ಜಾಸ್ತಿ ಇದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ನ್ಯೂಟ್ರಲ್ ಹುಡುಕುವುದೇ ಒಂದು ಉದ್ಯೋಗವಾಗುತ್ತದೆ. ಪ್ಲೇಟು ಸವೆದಂತೆ ಈ ಸಡಿಲು ತಾನೇ ಕಡಿಮೆಯಾಗುತ್ತ ಬರುತ್ತದೆ, ಅದಕ್ಕೇ ಒಮ್ಮೆ ಹೊಂದಿಸಿ ಮರೆಯುವಂತಿಲ್ಲ. ಆಕ್ಸಿಲೇಟರ್ ವೈರ್ ಇರುವ ಗಾಡಿಗಳಲ್ಲಿ ಗ್ರಿಪ್ಪಿನ ಅಂಚಿನಲ್ಲಿ 3ರಿಂದ 5 ಮಿ.ಮೀ. ಸಾಕು. ಹೊಂದಿಸಿದ ಮೇಲೆ ಇಂಜಿನ್ ಐಡಲ್‌ನಲ್ಲಿಟ್ಟು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆವರೆಗೆ ತಿರುಗಿಸಿ. ಎಲ್ಲಾದರೂ ಆರ್‌ಪಿಎಂ ಏರಿದರೆ ವೈರ್ ಎಳೆದುಕೊಳ್ಳುತ್ತಿದೆ ಎಂದರ್ಥ. ಯೂ ಟರ್ನ್ ಹೊಡೆಯುವಾಗ ಗಾಡಿ ತಾನೇ ಮುಂದಕ್ಕೆ ನುಗ್ಗುವುದು ಹೀಗೆ.

ಇನ್ನು ಸಿಎನ್‌ಸಿ ಲಿವರ್, ಅಂದರೆ ಕಂಪ್ಯೂಟರ್ ಮೆಷಿನ್ನಿನಲ್ಲಿ ಕೊರೆದ, ಅಂಗಡಿಯಲ್ಲಿ ಬೇರೆಯಾಗಿ ಸಿಗುವ ಲಿವರ್. ಎಲ್ಲರೂ ಮೊದಲು ಹಾಕಿಸುವುದು ಇದನ್ನೇ, ಅತಿ ಹೆಚ್ಚು ಅಪಾಯ ಇರುವುದೂ ಇದರಲ್ಲೇ. ಬ್ರೇಕ್ ಲಿವರಿನ ಬೇರಿನಲ್ಲಿ ಮಾಸ್ಟರ್ ಸಿಲಿಂಡರಿನ (ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುವ ಭಾಗ) ಪಿಸ್ಟನ್ ಒತ್ತುವ ಒಂದು ಸಣ್ಣ ಉಬ್ಬು ಇರುತ್ತದೆ. ಕಂಪನಿಯ ಲಿವರಿನಲ್ಲಿ ಆ ಉಬ್ಬಿಗೂ ಪಿಸ್ಟನ್‌ಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟಿರುತ್ತಾರೆ. ಅಗ್ಗದ ಲಿವರಿನಲ್ಲಿ ಉಬ್ಬು ಅರ್ಧ ಮಿಲಿಮೀಟರ್ ದಪ್ಪ ಇದ್ದರೂ ಸಾಕು, ಕೈ ಬಿಟ್ಟ ಮೇಲೂ ಪಿಸ್ಟನ್ ಸ್ವಲ್ಪ ಒಳಗೇ ಒತ್ತಿಕೊಂಡಿರುತ್ತದೆ. ಆಗ ಹ್ಯಾಂಡಲಿನ ಮೇಲಿರುವ ಬ್ರೇಕ್ ಆಯಿಲ್ ಡಬ್ಬಿಗೆ ಆಯಿಲ್ ವಾಪಸ್ ಹೋಗುವ ಸಣ್ಣ ರಂಧ್ರ ಮುಚ್ಚಿಹೋಗುತ್ತದೆ. ಬ್ರೇಕ್ ಹಿಡಿದಾಗ ಬಿಸಿಯಾಗಿ ಉಬ್ಬಿದ ಆಯಿಲ್‌ಗೆ ಹೋಗಲು ದಾರಿಯಿಲ್ಲ. ಪ್ಯಾಡು ಡಿಸ್ಕಿಗೆ ಅಂಟುತ್ತದೆ, ಮತ್ತೂ ಬಿಸಿಯಾಗುತ್ತದೆ, ಕೊನೆಗೆ ಮುಂದಿನ ಚಕ್ರ ಹಿಡಿದುಕೊಳ್ಳುತ್ತದೆ. "ಅಣ್ಣಾ, ಗಾಡಿ ಹಿಡ್ಕೊಂಡಂಗ ಆಗ್ತದ, ಇಂಜಿನ್ ಹೋಯ್ತೇನೋ" ಅಂತ ಗ್ಯಾರೇಜಿಗೆ ತಳ್ಳಿಕೊಂಡು ಬರುವ ಗಾಡಿಗಳಲ್ಲಿ ಡಿಸ್ಕ್ ಮುಟ್ಟಿ ನೋಡಿದರೆ ಕೆಲವೊಮ್ಮೆ ಉತ್ತರ ಅಲ್ಲೇ ಇರುತ್ತದೆ. ಮುಟ್ಟುವಾಗ ಹುಷಾರು, ಚರ್ಮ ಕಿತ್ತುಬರುವಷ್ಟು ಬಿಸಿ ಇರುತ್ತದೆ.

ಪರೀಕ್ಷೆ ಸುಲಭ. ಡಬ್ಬಿಯ ಮುಚ್ಚಳ ತೆಗೆದು, ಸುತ್ತ ಬಟ್ಟೆ ಹೊದಿಸಿ, ಲಿವರನ್ನು ಬಹಳ ನಿಧಾನಕ್ಕೆ ಎಳೆಯಿರಿ. ಮೊದಲ ಒಂದೆರಡು ಮಿಲಿಮೀಟರಿನಲ್ಲಿ ಆಯಿಲ್ ಮೇಲೆ ಸಣ್ಣ ಬುಗ್ಗೆ ಅಥವಾ ಅಲೆ ಏಳಬೇಕು. ಎದ್ದರೆ ರಂಧ್ರ ತೆರೆದಿದೆ. ಏಳದಿದ್ದರೆ ಆ ಲಿವರ್ ಬೇಡವೇ ಬೇಡ. ಅರ ಹಿಡಿದು ಉಬ್ಬನ್ನು ಉಜ್ಜುವವರೂ ಇದ್ದಾರೆ. ಒಂದು ಗೀರು ಹೆಚ್ಚಾದರೆ ಲಿವರ್ ಗ್ರಿಪ್ಪಿಗೆ ಬಂದು ಬಡಿಯುತ್ತದೆ. ನಡುದಾರಿಯಲ್ಲಿ ಚಕ್ರ ಹಿಡಿದುಕೊಂಡರೆ ಲಿವರಿನ ಕೀಲಿನ ಬೋಲ್ಟ್ ಬಿಚ್ಚಿ ಲಿವರ್ ಹೊರತೆಗೆಯಿರಿ. ಪಿಸ್ಟನ್ ಹಿಂದಕ್ಕೆ ಬಂದು ಒತ್ತಡ ಇಳಿಯುತ್ತದೆ. ಲಿವರ್ ಬದಲಿಸಿದ ದಿನವೇ ಹಿಂದಿನ ಬ್ರೇಕ್ ಲೈಟನ್ನೂ ನೋಡಿ. ಲಿವರ್ ಸ್ವಿಚ್ಚಿಗೆ ಸರಿಯಾಗಿ ತಾಗದಿದ್ದರೆ ಲೈಟ್ ಸದಾ ಉರಿಯುತ್ತದೆ ಇಲ್ಲವೇ ಉರಿಯುವುದೇ ಇಲ್ಲ. ಅದಿರು ಲಾರಿಗಳ ಮುಂದೆ ಓಡುವ ಗಾಡಿಗೆ ಎರಡೂ ಒಳ್ಳೆಯದಲ್ಲ. ಬೆರಳುದ್ದದ ಗಿಡ್ಡ ಲಿವರಿಗಿಂತ ಎರಡು ಬೆರಳು ಆರಾಮಾಗಿ ಕೂರುವ ಉದ್ದದ್ದು ಮೇಲು. ಗಿಡ್ಡ ಆದಷ್ಟೂ ಅದೇ ಬ್ರೇಕಿಗೆ ಹೆಚ್ಚು ಬಲ ಹಾಕಬೇಕು.

ಬ್ರೇಕಿನ ನಿಜವಾದ ಸುಧಾರಣೆ ಶುರುವಾಗುವುದು ಆಯಿಲ್‌ನಿಂದ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿದ ಮೇಲೆ ಅದರ ಮಟ್ಟ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 5.1ರಲ್ಲಿ ಇದೇ ಲೆಕ್ಕ 260 ಮತ್ತು 180. ಡಾಟ್ 5 ಮಾತ್ರ ಸಿಲಿಕೋನಿನದು, ಇವೆರಡರ ಜೊತೆ ಅದನ್ನು ಬೆರೆಸಲೇಬಾರದು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಅಂಗಡಿಯಲ್ಲಿ ಅರ್ಧ ಉಳಿದ ಬಾಟಲಿ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ, ಸೀಲ್ ಇರುವ ಸಣ್ಣ ಬಾಟಲಿ ತಗೊಳ್ಳಿ. ಟ್ಯಾಂಕಿನ ಮೇಲೆ ಒಂದು ಹನಿ ಬಿದ್ದರೂ ಬಣ್ಣ ಕಿತ್ತುಬರುತ್ತದೆ, ಪಕ್ಕದಲ್ಲಿ ಒಂದು ಮಗ್ ನೀರು ಇರಲಿ.

ರಬ್ಬರ್ ಪೈಪಿನ ಬದಲು ಸ್ಟೀಲ್ ಬ್ರೇಡೆಡ್ ಪೈಪ್ ಹಾಕಿದರೆ ಬ್ರೇಕ್ ಶಕ್ತಿ ಹೆಚ್ಚುವುದಿಲ್ಲ. ಒತ್ತಡಕ್ಕೆ ಪೈಪ್ ಉಬ್ಬುವುದು ನಿಲ್ಲುವುದರಿಂದ ಕೈ ಒತ್ತಿದ್ದು ನೇರ ಪ್ಯಾಡಿಗೆ ತಲುಪುತ್ತದೆ, ಲಿವರ್ ಗಟ್ಟಿಯಾಗುತ್ತದೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಮುಂದಿನ ಬ್ರೇಕಿಗೇ ಎರಡು ತುಂಡು ಪೈಪ್ ಬೇಕು: ಮಾಸ್ಟರ್ ಸಿಲಿಂಡರಿನಿಂದ ಎಬಿಎಸ್ ಡಬ್ಬಿಗೆ ಒಂದು, ಅಲ್ಲಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ ಇನ್ನೊಂದು. ಎಬಿಎಸ್ ಇಲ್ಲದ ಮಾಡೆಲ್ಲಿನ ಕಿಟ್ ತಂದು ಆ ಡಬ್ಬಿಯನ್ನೇ ತಪ್ಪಿಸಿ ನೇರ ಪೈಪ್ ಎಳೆಯುವ ಜಾಣತನ ಮಾಡಬೇಡಿ. ಪೈಪಿನ ಪ್ರತಿ ಬ್ಯಾಂಜೋ ತುದಿಗೂ (ಬೋಲ್ಟ್ ತೂರಿಸುವ ಉಂಗುರ) ಎರಡು ತಾಮ್ರದ ವಾಸರ್ ಬೇಕು, ಹೊಸವೇ ಬೇಕು. ಹಳೆಯ ವಾಸರ್ ಒಮ್ಮೆ ಅದುಮಿ ಗಟ್ಟಿಯಾಗಿರುತ್ತದೆ, ಎಷ್ಟು ಬಿಗಿದರೂ ಜಿನುಗುತ್ತದೆ, ಇನ್ನೂ ಬಿಗಿಯಲು ಹೋದರೆ ಬೋಲ್ಟಿನ ಕುತ್ತಿಗೆ ಕಿತ್ತುಬರುತ್ತದೆ.

ಆಯಿಲ್ ಅಥವಾ ಪೈಪ್ ಬದಲಿಸಿದ ಮೇಲೆ ಬ್ರೇಕಿನ ಒಳಗೆ ಸೇರಿದ ಗಾಳಿ ತೆಗೆಯುವಾಗ ಕ್ಯಾಲಿಪರಿನ ನಿಪ್ಪಲ್ಲಿಗೆ ಅಕ್ವೇರಿಯಮ್ಮಿನ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಲಿವರ್ ಒತ್ತಿ ಹಿಡಿಯಿರಿ, ನಿಪ್ಪಲ್ ಕಾಲು ಸುತ್ತು ತೆರೆಯಿರಿ, ಮುಚ್ಚಿ, ಆಮೇಲೆ ಲಿವರ್ ಬಿಡಿ. ಈ ಕ್ರಮ ತಪ್ಪಿ ಮೊದಲು ಲಿವರ್ ಬಿಟ್ಟರೆ ಹೋದ ಗಾಳಿ ವಾಪಸ್ ಬರುತ್ತದೆ. ಡಬ್ಬಿಯ ಆಯಿಲ್ ಒಮ್ಮೆಯೂ ಖಾಲಿಯಾಗಬಾರದು. ಎಬಿಎಸ್ ಡಬ್ಬಿಗೆ ಗಾಳಿ ಹೊಕ್ಕರೆ ಕೈಯಿಂದ ತೆಗೆಯುವುದು ಕಷ್ಟ, ಸರ್ವಿಸ್ ಸೆಂಟರಿನ ಕಂಪ್ಯೂಟರ್ ಬೇಕಾಗಬಹುದು. ಎಲ್ಲಾ ಆದ ಮೇಲೂ ಲಿವರ್ ಸ್ವಲ್ಪ ಮೆತ್ತಗಿದ್ದರೆ ರಾತ್ರಿಯಿಡೀ ಅದನ್ನು ಗ್ರಿಪ್ಪಿಗೆ ಕಟ್ಟಿಡಿ. ಉಳಿದ ಸಣ್ಣ ಗುಳ್ಳೆಗಳು ಮೇಲೆ ಬಂದುಬಿಡುತ್ತವೆ.

ಪ್ಯಾಡು ಸಿಂಟರ್ಡ್ (ಲೋಹದ ಪುಡಿ ಒತ್ತಿ ಕಾಸಿ ಮಾಡಿದ್ದು) ಆದರೆ ಬಿಸಿಗೂ ಮಳೆಗೂ ತಡೆಯುತ್ತದೆ, ಡಿಸ್ಕನ್ನು ಸ್ವಲ್ಪ ಹೆಚ್ಚು ತಿನ್ನುತ್ತದೆ. ಹೊಸ ಪ್ಯಾಡು ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ ವೇಗವನ್ನು 60 ಕಿ.ಮೀ.ನಿಂದ 10ಕ್ಕೆ ಹತ್ತಾರು ಸಲ ಇಳಿಸಿ. ಪೂರ್ತಿ ನಿಲ್ಲಿಸಿ ಬ್ರೇಕ್ ಹಿಡಿದುಕೊಂಡಿರಬೇಡಿ, ಬಿಸಿ ಪ್ಯಾಡಿನ ಗುರುತು ಡಿಸ್ಕಿನ ಒಂದೇ ಕಡೆ ಕೂರುತ್ತದೆ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಅದರ ಮೇಲೇ ಅಚ್ಚು ಹಾಕಿರುತ್ತಾರೆ.

ಟೈರಿನ ವಿಷಯದಲ್ಲಿ ಒಂದೇ ಮಾತು: ದಪ್ಪ ಬೇಡ, ಒಳ್ಳೆಯದು ಬೇಕು. ಆರ್15ರ ಹಿಂದಿನ ರಿಮ್ಮಿಗೆ 140/70-17 ಹೊಂದುತ್ತದೆ. ನೋಟಕ್ಕೆ 160 ಮಿ.ಮೀ. ಅಗಲದ್ದು ತುರುಕಿದರೆ ಟೈರಿನ ಅಂಚು ಒಳಕ್ಕೆ ಮಡಚಿ ಬೆನ್ನು ಚೂಪಾಗುತ್ತದೆ, ವಾಲಿಸುವಾಗ ಗಾಡಿ ಒಂದೇ ಸಲ ಬಿದ್ದಂತಾಗುತ್ತದೆ. ಬೇಸಿಗೆಯಲ್ಲಿ "ಟೈರ್ ಸಿಡೀತದ, ಗಾಳಿ ಕಮ್ಮಿ ಇರ್ಲಿ" ಎನ್ನುವ ಪಂಕ್ಚರ್ ಅಂಗಡಿಯ ಉಪದೇಶ ಪೂರ್ತಿ ಉಲ್ಟಾ. ಗಾಳಿ ಕಮ್ಮಿಯಾದರೆ ಟೈರಿನ ಗೋಡೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಸಿಡಿಯುವುದು ಆಗ. ಟೈರಿನ ಬಿಸಿ 10 ಡಿಗ್ರಿ ಏರಿದರೆ ಗಾಳಿ ಸುಮಾರು ಒಂದೂವರೆ ಪಿಎಸ್‌ಐ ಏರುವುದು ಸಹಜ, ಕಂಪನಿಯ ಅಂಕಿಯಲ್ಲಿ ಅದೂ ಲೆಕ್ಕಕ್ಕಿದೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಅಳೆಯಿರಿ.

ಶಾಕಪ್ ಗಟ್ಟಿ ಮಾಡಿಸುವ ಮೊದಲು ಸ್ಯಾಗ್, ಅಂದರೆ ನೀವು ಕೂತಾಗ ಗಾಡಿ ಎಷ್ಟು ತಗ್ಗುತ್ತದೆ ಎಂಬುದನ್ನು ಅಳೆಯಿರಿ. ಇಬ್ಬರು ಗೆಳೆಯರು, ಒಂದು ಟೇಪು ಸಾಕು. ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಅಚ್ಚಿನ ನಡುವಿನಿಂದ ನೇರ ಮೇಲೆ ಸೀಟಿನ ಕೆಳಗಿನ ಒಂದು ಗುರುತಿಗೆ ಅಳತೆ ತಗೊಳ್ಳಿ. ಹೆಲ್ಮೆಟ್, ಶೂ ಸಮೇತ ಓಡಿಸುವವರು ಕೂತ ಮೇಲೆ ಅದೇ ಅಳತೆ ಮತ್ತೊಮ್ಮೆ. ವ್ಯತ್ಯಾಸ 30ರಿಂದ 35 ಮಿ.ಮೀ. ಒಳಗೆ ಬಂದರೆ ಸರಿ. ಹೆಚ್ಚಿದ್ದರೆ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಅದುಮಿಡುವ ಹೊಂದಾಣಿಕೆ) ಬಿಗಿ ಮಾಡಿ, ಕಡಿಮೆ ಇದ್ದರೆ ಸಡಿಲಿಸಿ. ಮುಂದಿನ ಫೋರ್ಕಿಗೂ ಹತ್ತಿರ ಹತ್ತಿರ ಅದೇ ಅಂಕಿ. ರೇಸಿನ ವಿಡಿಯೋ ನೋಡಿ ಪೂರ್ತಿ ಗಟ್ಟಿ ಮಾಡಿಕೊಂಡರೆ ಕ್ಯಾಂಪಿನ ಹಂಪಿನ ಮೇಲೆ ಚಕ್ರ ನೆಲ ಬಿಟ್ಟು ಹಾರುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಯಾವ ಬ್ರೇಕೂ ಕೆಲಸಕ್ಕೆ ಬರುವುದಿಲ್ಲ.

ರಿಯರ್‌ಸೆಟ್ (ಹಿಂದಕ್ಕೆ ಸರಿಸಿ ಕೂರಿಸುವ ಫುಟ್‌ರೆಸ್ಟ್ ಸೆಟ್) ಹಾಕಿದರೆ ಕಾಲು ಹಿಂದಕ್ಕೂ ಮೇಲಕ್ಕೂ ಹೋಗುತ್ತದೆ. ಈಗಿರುವ ಫುಟ್‌ರೆಸ್ಟ್ ತಿರುವಿನಲ್ಲಿ ನೆಲಕ್ಕೆ ಉಜ್ಜುತ್ತಿಲ್ಲದಿದ್ದರೆ ಅದರ ಅಗತ್ಯವೇ ಇಲ್ಲ. ಉದ್ದ ಕಾಲಿನವರಿಗೆ ಬೆಂಗಳೂರಿನ ಸುಮಾರು 300 ಕಿ.ಮೀ. ಮುಗಿಯುವಷ್ಟರಲ್ಲಿ ಮಂಡಿ ಬೇರೆ ಬೇಕಾಗುತ್ತದೆ. ಹಾಕಿಸಲೇಬೇಕೆಂದರೆ ಗೇರ್ ರಾಡು ಮತ್ತು ಗೇರ್‌ಬಾಕ್ಸಿನ ತೋಳಿನ ನಡುವೆ 90 ಡಿಗ್ರಿ ಕೋನ ಬರುವಂತೆ ಕೂರಿಸಿ. ಕೋನ ತಪ್ಪಿದರೆ ಒತ್ತಿದ್ದು ಅರ್ಧ ವ್ಯರ್ಥವಾಗಿ ಎರಡು ಗೇರಿನ ನಡುವೆ ಸುಳ್ಳು ನ್ಯೂಟ್ರಲ್ ಬೀಳುತ್ತದೆ, ಕ್ವಿಕ್‌ಶಿಫ್ಟರ್ (ಕ್ಲಚ್ ಹಿಡಿಯದೆ ಗೇರ್ ಹಾಕುವ ಸಾಧನ) ಇದ್ದರಂತೂ ಗೇರೇ ಕೂರುವುದಿಲ್ಲ. ಆ ರಾಡಿನ ಒಂದು ತುದಿ ಎಡ ಮರೆ (ಉಲ್ಟಾ ತಿರುಗಿಸಿ ಬಿಗಿಯುವ ಥ್ರೆಡ್) ಇರುತ್ತದೆ, ಗೊತ್ತಿಲ್ಲದೆ ಬಲವಂತ ಮಾಡಿದರೆ ಮರೆ ಕಿತ್ತುಹೋಗುತ್ತದೆ. ಹಿಂದಿನ ಬ್ರೇಕ್ ಪೆಡಲಿಗೂ ಸಣ್ಣ ಸಡಿಲು ಬಿಡಿ, ಲಿವರಿಗೆ ಹೇಳಿದ ಕಥೆಯೇ ಅಲ್ಲಿಯೂ.

ಚೈನ್ ಸ್ಪ್ರಾಕೆಟ್ ಲೆಕ್ಕ ಬಾಯಿಲೆಕ್ಕದ್ದು. ಹಿಂದೆ 45, ಮುಂದೆ 15 ಹಲ್ಲು ಇದ್ದರೆ ಅನುಪಾತ 3. ಮುಂದೆ 14 ಹಾಕಿದರೆ 3.21, ಹಿಂದೆ 48 ಹಾಕಿದರೆ 3.2. ಅಂದರೆ ಮುಂದಿನ ಒಂದು ಹಲ್ಲು ಹಿಂದಿನ ಮೂರು ಹಲ್ಲಿಗೆ ಸಮ. ಎಳೆತ ಶೇ. 7ರಷ್ಟು ಹೆಚ್ಚುತ್ತದೆ, ಅದೇ ವೇಗಕ್ಕೆ ಆರ್‌ಪಿಎಂ ಕೂಡ ಅಷ್ಟೇ ಏರುತ್ತದೆ: 7000ದಲ್ಲಿ ಹೋಗುತ್ತಿದ್ದದ್ದು 7500. ಸಂಡೂರಿನ ಗುಡ್ಡದ ತಿರುವುಗಳಿಗೆ ಇದು ಚೆಂದ. ರಾಯಚೂರಿನ ಬಯಲಲ್ಲಿ, ಹೊಸಪೇಟೆ–ಕೊಪ್ಪಳದ ಹೆದ್ದಾರಿಯಲ್ಲಿ ಬರೀ ಕಾವು, ಪೆಟ್ರೋಲ್ ಖರ್ಚು. ಮುಂದೆ ಸಣ್ಣ ಸ್ಪ್ರಾಕೆಟ್ ಹಾಕಿದಾಗ ಚೈನು ಸ್ವಿಂಗ್‌ಆರ್ಮಿನ ರಬ್ಬರಿಗೆ ಉಜ್ಜುತ್ತದೆಯೇ ನೋಡಿಕೊಳ್ಳಿ. ಹಳೆ ಚೈನಿಗೆ ಹೊಸ ಸ್ಪ್ರಾಕೆಟ್ ಮಾತ್ರ ಬೇಡ, ಸೆಟ್ಟೇ ಬದಲಾಗಲಿ.

ಧೂಳಿನ ಮಾತು ಬಂದರೆ ಚೈನು ಮತ್ತು ಏರ್ ಫಿಲ್ಟರ್ ಎರಡೂ ಒಂದೇ ಕಾಯಿಲೆಯ ರೋಗಿಗಳು. ಅಂಟು ಗ್ರೀಸ್ ಹಚ್ಚಿದ ಚೈನಿಗೆ ಅದಿರಿನ ಹುಡಿ ಕೂತರೆ ಅದು ಅರೆಯುವ ಕಲ್ಲಾಗುತ್ತದೆ. ಪ್ರತಿ 500 ಕಿ.ಮೀ.ಗೆ ಡೀಸೆಲ್ ಅಥವಾ ಚೈನ್ ಕ್ಲೀನರಿನಲ್ಲಿ ಮೆತ್ತನೆ ಬ್ರಷ್ ಹಾಕಿ ತೊಳೆದು, ಒರೆಸಿ, ಒಣಗಿದ ಮೇಲೆ ಮೇಣದ ಸ್ಪ್ರೇ ಹೊಡೆಯಿರಿ. ಪೆಟ್ರೋಲ್ ಬೇಡ, ಚೈನಿನ ಓ ರಿಂಗ್ (ಗ್ರೀಸ್ ಹಿಡಿದಿಡುವ ರಬ್ಬರ್ ಉಂಗುರ) ಒಣಗಿ ಬಿರಿಯುತ್ತದೆ. ಇಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಚಕ್ರ ತಿರುಗಿಸುತ್ತ ಒರೆಸುವುದಂತೂ ಬೆರಳು ದಾನ ಮಾಡಿದಂತೆ. ಕಂಪನಿಯ ಫಿಲ್ಟರ್ ತೆಗೆದು ತೊಳೆದು ಬಳಸುವ ಹತ್ತಿಯ ಫಿಲ್ಟರ್ ಹಾಕಿದರೆ ಗಾಳಿಯ ಜೊತೆ ಸಣ್ಣ ಧೂಳೂ ಸಲೀಸಾಗಿ ಒಳಹೋಗುತ್ತದೆ, ಎಣ್ಣೆ ಒಣಗಿದ್ದರೆ ಇನ್ನೂ ಹೆಚ್ಚು. ಸಂಡೂರು, ಹೊಸಪೇಟೆ ಕಡೆ ದಿನವೂ ಓಡುವ ಗಾಡಿಗೆ ಕಂಪನಿಯದೇ ಸರಿ, ಗಾಡಿಯ ಜೊತೆ ಬರುವ ಪುಸ್ತಕದಲ್ಲಿ ಹೇಳಿದ್ದರ ಅರ್ಧ ದೂರಕ್ಕೇ ಬದಲಿಸಿ. ಎಣ್ಣೆ ಸವರಿದ ಕಾಗದದ ಫಿಲ್ಟರಿಗೆ ಏರ್ ಹೊಡೆಯಬಾರದು. ಫಿಲ್ಟರಿನ ಒಳಗಡೆಯ ಪೈಪಿನಲ್ಲಿ ಬೆರಳಾಡಿಸಿ ನೋಡಿ. ಬೆರಳು ಕೆಂಪಾದರೆ ಪಿಸ್ಟನ್ ರಿಂಗಿಗೂ ಅದೇ ಕೆಂಪು ತಲುಪುತ್ತಿದೆ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯಬೇಡಿ. ನಮ್ಮ ಕಡೆಯ ಗಡಸು ನೀರು ಒಳಗೆ ಸುಣ್ಣ ಕಟ್ಟುತ್ತದೆ. ಸಿದ್ಧ ಕೂಲಂಟ್, ಇಲ್ಲವೇ ಅರ್ಧ ಕೂಲಂಟ್ ಅರ್ಧ ಡಿಸ್ಟಿಲ್ಡ್ ನೀರು. ಇಂಜಿನ್ ಆಯಿಲ್ ಡಬ್ಬಿಯ ಮೇಲೆ ಜಾಸೋ ಎಂಎ2 (ಬೈಕಿನ ಕ್ಲಚ್‌ಗೆ ಒಗ್ಗುವ ಆಯಿಲ್‌ನ ದರ್ಜೆ) ಎಂದಿರಲಿ, ಕಾರಿನ ಆಯಿಲ್‌ನಲ್ಲಿ ಕ್ಲಚ್ ಜಾರುತ್ತದೆ.

ಸೈಲೆನ್ಸರ್ ಆಸೆ ಇನ್ನೂ ಉಳಿದಿದ್ದರೆ ಮೋಟಾರು ವಾಹನ ಕಾಯ್ದೆಯ 52 ಮತ್ತು 182ಎ(4)ನೇ ಸೆಕ್ಷನ್ ಒಮ್ಮೆ ಓದಿ. ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಹೊಸ ಭಾಗ ಹಾಕಿದ ಪ್ರತಿ ಬೋಲ್ಟಿನ ಮೇಲೂ ಉಗುರು ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ, ಬೋಲ್ಟಿನಿಂದ ಪಕ್ಕದ ಲೋಹಕ್ಕೆ ದಾಟುವಂತೆ. ಮೊದಲ 100 ಕಿ.ಮೀ. ಆದ ಮೇಲೆ ಗೆರೆ ಮುರಿದಿದ್ದರೆ ಬೋಲ್ಟ್ ಸಡಿಲಾಗಿದೆ. ಬಿಚ್ಚಿದ ಕಂಪನಿಯ ಲಿವರುಗಳನ್ನು ಗುಜರಿಗೆ ಹಾಕಬೇಡಿ. ಹಳೆ ಬಟ್ಟೆಯಲ್ಲಿ ಸುತ್ತಿ, ಒಂದು 10ರ ಪಾನಾ ಜೊತೆ ಸೀಟಿನ ಕೆಳಗಿಡಿ. ಕುಷ್ಟಗಿ ಬೈಪಾಸಿನಲ್ಲಿ ಸಿಎನ್‌ಸಿ ಲಿವರ್ ಮುರಿದರೆ ಅದರ ಜೋಡಿ ಆ ಊರಿನಲ್ಲಿ ಸಿಗುವುದಿಲ್ಲ.