ಚೇರ್ ಲೆಕ್ಕ ಆಮೇಲೆ ಮಾಡಿ

22 ಜುಲೈ 2025, ಮಂಗಳವಾರ, ಸುಂಟಿಕೊಪ್ಪ, ಕೊಡಗು

ಬೆಂಗ್ಳೂರಲ್ಲಿ ನಮ್ಮ ಆಫೀಸಿನ ಲೀಸ್ ಲಾಕ್-ಇನ್, ಅಂದ್ರೆ ಜಾಗ ಬಿಡೋ ಹಂಗಿಲ್ಲ ಅನ್ನೋ ಅವಧಿ, ಈ ವರ್ಷ ಮುಗಿಯುತ್ತೆ, ಎರಡು ಫ್ಲೋರಲ್ಲಿ ಒಂದನ್ನ ಬಿಟ್ಟುಬಿಡೋಣ ಅಂತ ಫೈನಾನ್ಸ್‌ನವ್ರು ಇವತ್ತು ಮೀಟಿಂಗಲ್ಲಿ ಹೇಳಿದ್ರು. ಯಾರು ಎಲ್ಲಿ ಕೂರ್ಬೇಕು, ಎಷ್ಟು ಜಾಗ ಬೇಕು ಅಂತ ನೋಡೋದೇ ನನ್ನ ಕೆಲ್ಸ, ಹಾಗಾಗಿ ಇಡೀ ಮಧ್ಯಾಹ್ನ ಇದೇ ತಲೇಲಿ ಓಡ್ತಾ ಇತ್ತು. ಅವ್ರ ಪ್ರಶ್ನೆ ನ್ಯಾಯವಾಗೇ ಇದೆ. ಇಂಥ ಲೀಸಲ್ಲಿ ಮೂರು ವರ್ಷಕ್ಕೊಮ್ಮೆ 15% ಬಾಡಿಗೆ ಏರೋದು ಮಾಮೂಲು, ಮೇಲೆ ಮೇಂಟೆನೆನ್ಸ್ ಬೇರೆ, ಸೂಪರ್ ಬಿಲ್ಟ್-ಅಪ್ ಲೆಕ್ಕದಲ್ಲಿ, ಅಂದ್ರೆ ಎಲ್ರೂ ಬಳಸೋ ಜಾಗದ ಪಾಲೂ ಸೇರಿಸಿ ಅಳೆಯೋದ್ರಲ್ಲಿ, ಲಿಫ್ಟ್ ಲಾಬಿಗೂ ನಾವೇ ದುಡ್ಡು ಕಟ್ತೀವಿ. ಖಾಲಿ ಚೇರಿಗೆ ಯಾಕೆ ಬಾಡಿಗೆ ಅಂತ ಯಾರಾದ್ರೂ ಕೇಳೇ ಕೇಳ್ತಾರೆ.

ಆದ್ರೆ ಅವ್ರು ತೋರಿಸಿದ್ದು ಆಕ್ಸೆಸ್ ಕಾರ್ಡ್ (ಬಾಗಿಲಲ್ಲಿ ತೋರಿಸಿ ಒಳಗೆ ಹೋಗೋ ಕಾರ್ಡ್) ಡೇಟಾದ ವಾರದ ಸರಾಸರಿ. ಸೋಮವಾರ, ಶುಕ್ರವಾರ ಫ್ಲೋರು ಬಿಕೋ ಅಂತಿರುತ್ತೆ, ಮಂಗಳವಾರದಿಂದ ಗುರುವಾರದವರೆಗೆ ಬ್ಯಾಗ್ ಇಡೋಕೂ ಜಾಗ ಇರಲ್ಲ, ಇವೆರಡನ್ನೂ ಕೂಡಿಸಿ ಭಾಗಿಸಿದ್ರೆ ಬರೋ ನಂಬರು ಯಾವ ದಿನದ್ದೂ ಅಲ್ಲ. ಹೋದ ತಿಂಗಳು ನಾನು ಆಫೀಸಿಗೆ ಹೋಗಿದ್ದಾಗ ನೋಡಿದ್ದು, 12 ಜನ ಕೂರೋ ಕಾನ್ಫರೆನ್ಸ್ ರೂಮಲ್ಲಿ ಒಬ್ಬನೇ ಹುಡುಗ ಬಾಗಿಲು ಹಾಕ್ಕೊಂಡು ವಿಡಿಯೋ ಕಾಲಲ್ಲಿದ್ದ, ಹೊರಗಡೆ ಒಂದು ಇಡೀ ಟೀಮು ಲ್ಯಾಪ್‌ಟಾಪ್ ತೆರ್ಕೊಂಡೇ ಕೈಯಲ್ಲಿ ಹಿಡ್ಕೊಂಡು ಕಾಯ್ತಿತ್ತು, ಇನ್ನೊಬ್ಳು ಫೈರ್ ಎಕ್ಸಿಟ್ ಮೆಟ್ಟಿಲ ಮೇಲೆ ಕೂತು ಒಂದು ಕಿವಿಗೆ ಕೈ ಅಡ್ಡ ಇಟ್ಕೊಂಡು ಕ್ಲೈಂಟ್ ಹತ್ರ ಮಾತಾಡ್ತಿದ್ಲು. ಅಲ್ಲಿ ಕಮ್ಮಿ ಬಿದ್ದಿದ್ದು ಡೆಸ್ಕ್ ಅಲ್ಲ, ಒಬ್ರು ಇಬ್ರು ಕೂತು ಮಾತಾಡೋ ಚಿಕ್ಕ ರೂಮುಗಳು. ಫ್ಲೋರ್ ಬಿಡಿ, ಬೇಡ ಅನ್ನಲ್ಲ, ಆದ್ರೆ ಉಳಿಯೋ ಫ್ಲೋರನ್ನ ಮೊದ್ಲು ಒಡೆದು ಸರಿಯಾಗಿ ಕಟ್ಟಿ.

ಟೀಮ್ ಬರೋ ದಿನ ಟೀಮೆಲ್ಲ ಒಂದೇ ಕಡೆ ಕೂರ್ಬೇಕು ಅನ್ನೋದು ನನ್ನ ಎರಡನೇ ಹಠ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ 1970ರ ದಶಕದಲ್ಲೇ ಇಂಜಿನಿಯರ್‌ಗಳನ್ನ ಗಮನಿಸಿ ತೋರಿಸಿದ್ರು, ಇಬ್ಬರ ಡೆಸ್ಕ್ ಮಧ್ಯೆ ದೂರ ಜಾಸ್ತಿ ಆದಂಗೆ ಮಾತುಕತೆ ಸರ್ರನೆ ಇಳಿಯುತ್ತೆ, ಸುಮಾರು 50 ಮೀಟರ್ ದಾಟಿದ್ರೆ ಹೆಚ್ಚುಕಮ್ಮಿ ನಿಂತೇ ಹೋಗುತ್ತೆ ಅಂತ. ಸೀಟ್ ಬುಕ್ ಮಾಡೋ ಆ್ಯಪ್‌ನಲ್ಲಿ ಯಾವ್ದೋ ಮೂಲೆ ಸಿಕ್ಕಿ, ಪಕ್ಕದಲ್ಲಿ ಗೊತ್ತಿಲ್ದೋರು ಕೂತು, ಅಲ್ಲಿಂದಲೇ ತಮ್ಮ ಟೀಮ್ ಜೊತೆ ಹೆಡ್‌ಸೆಟ್ ಹಾಕ್ಕೊಂಡು ಮೀಟಿಂಗ್ ಮಾಡೋದಾದ್ರೆ ಔಟರ್ ರಿಂಗ್ ರೋಡ್ ಟ್ರಾಫಿಕ್ಕಲ್ಲಿ ಯಾಕೆ ಸಾಯ್ಬೇಕು ಹೇಳಿ.

ಮನೆಯಿಂದ ಕೆಲ್ಸ ಅಂದ್ರೆ ಸೋಮಾರಿತನ ಅನ್ನೋ ಮಾತು ಇವತ್ತೂ ಬಂತು. 2024ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೇಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತೆ ಜೊತೆಯವ್ರ ಅಧ್ಯಯನ ಬಂದಿದೆ, ಟ್ರಿಪ್.ಕಾಮ್ ಕಂಪನಿಯ 1,612 ಜನರ ಮೇಲೆ ಮಾಡಿದ್ದು, ವಾರಕ್ಕೆ ಎರಡು ದಿನ ಮನೆಯಿಂದ ಮಾಡಿದವ್ರ ಕೆಲ್ಸದಲ್ಲಿ, ಪ್ರಮೋಶನ್ನಲ್ಲಿ ಏನೂ ಕಮ್ಮಿ ಆಗ್ಲಿಲ್ಲ, ಕೆಲ್ಸ ಬಿಡೋರು ಮಾತ್ರ ಮೂರನೇ ಒಂದು ಭಾಗ ಕಮ್ಮಿ ಆದ್ರು. ಚಾಟಲ್ಲಿ ಹಾಕ್ದೆ. ಆ ಮಾತು ಮತ್ತೆ ಎತ್ಲಿಲ್ಲ ಯಾರೂ.

ಈಗ ನಮ್ಮೂರ ವಿಷಯ, ನಂಗೆ ನಿಜವಾಗ್ಲೂ ಹೊಟ್ಟೆಗೆ ನಾಟೋದು ಇದೇ. ಕೊಡಗಲ್ಲಿ ಮಳೆಗಾಲ ಅಂದ್ರೆ ಮನೆ ಆಫೀಸಾಗಲ್ಲ. ನಿನ್ನೆ ರಾತ್ರಿ ಗಾಳಿಗೆ ಸಿಲ್ವರ್ ಓಕ್ ಮರ ಒಂದು ಲೈನ್ ಮೇಲೆ ಬಿತ್ತು, ಪಾಪ ಲೈನ್‌ಮನ್ ಅಣ್ಣ ರೇನ್‌ಕೋಟ್ ಹಾಕ್ಕೊಂಡು ಬೆಳಿಗ್ಗೆಯಿಂದ ಕೊಂಬೆ ಕಡೀತಾ ಇದ್ರು. ಕರೆಂಟ್ ಹೋದ್ರೆ ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರಿನೂ ಸುಸ್ತು, ಆಮೇಲೆ ಮನೇಲಿ ಇನ್ವರ್ಟರ್ ಇದ್ರೂ ನೆಟ್‌ವರ್ಕ್ ಇಲ್ಲ. ಶೀಟ್ ಮನೆಯಾದ್ರೆ ಮುಗೀತು, ಮಳೆ ಸದ್ದಿಗೆ ಮೈಕ್ ಆನ್ ಮಾಡೋ ಹಂಗಿಲ್ಲ. ಇಲ್ಲಿಂದ ಬೆಂಗ್ಳೂರಿಗೆ ಕೆಲ್ಸ ಮಾಡೋ ಹುಡ್ಗೀರು ಎಷ್ಟೋ ಜನ ಮಳೆಗಾಲದಲ್ಲಿ ಪಿಜಿ ಹಿಡಿದು ವಾಪಸ್ ಹೋಗ್ತಾರೆ, ಇಲ್ಲಾ ಕೆಲ್ಸನೇ ಬಿಡ್ತಾರೆ. ರೈಲಂತೂ ನಮ್ಮ ಜಿಲ್ಲೆಗಿಲ್ಲ, ರಸ್ತೆ ಒಂದೇ ಗತಿ. ಐಟಿ ಕಂಪನಿಗಳನ್ನ ಬೆಂಗ್ಳೂರಿನ ಹೊರಗೂ ಬೆಳೆಸೋ ಸರ್ಕಾರದ ಬಿಯಾಂಡ್ ಬೆಂಗಳೂರು ಯೋಜನೆ ಅಂದ ತಕ್ಷಣ ಎಲ್ರ ಬಾಯಲ್ಲೂ ಮೈಸೂರು, ಮಂಗ್ಳೂರು, ಹುಬ್ಬಳ್ಳಿ. ಮೈಸೂರು ಮಂಗ್ಳೂರು ಮಧ್ಯದಲ್ಲೇ ನಾವಿದೀವಲ್ಲ.

ಅದಕ್ಕೆ ನಾನು ಮೀಟಿಂಗಲ್ಲಿ ಹೇಳ್ದೆ, ಬಿಡೋ ಫ್ಲೋರಿನ ಬಾಡಿಗೇಲಿ ಒಂದು ಚೂರು ತೆಗ್ದು ಕುಶಾಲನಗರದಲ್ಲಿ ಇಲ್ಲಿನವ್ರು ಕೂತು ಕೆಲ್ಸ ಮಾಡೋಕೆ ಒಂದು ರೂಮ್ ಮಾಡೋಣ ಅಂತ. ಮಡಿಕೇರಿ ಬೇಡ, ಅಲ್ಲಿ ಮಳೆ ಜಾಸ್ತಿ, ಕುಶಾಲನಗರಕ್ಕೆ ಅಷ್ಟು ಇಲ್ಲ, ಸೋಮವಾರಪೇಟೆಯವ್ರಿಗೂ ಸುಂಟಿಕೊಪ್ಪದವ್ರಿಗೂ ಬಸ್ಸು ಸಲೀಸು. ಆದ್ರೆ ಹೊಳೆ ಕಡೆ ಬಡಾವಣೆ ಕಣ್ಣೆತ್ತಿ ನೋಡಲ್ಲ, 2018, 2019ರಲ್ಲಿ ಕಾವೇರಿ ಅಲ್ಲಿ ಮನೆಯೊಳಗೇ ಬಂದಿದ್ದು ನೆನಪಿದೆ. ಮೇಲಿನ ಮಹಡಿ, ಆರ್‌ಸಿಸಿ ತಾರಸಿ, ಎರಡು ಬೇರೆ ಬೇರೆ ಕಂಪನಿಯ ಫೈಬರ್, ಜನರೇಟರ್, ಬಾಗಿಲು ಹಾಕೋ ಎರಡು ಮೂರು ಚಿಕ್ಕ ಕ್ಯಾಬಿನ್, ಸರಿಯಾದ ಟಾಯ್ಲೆಟ್. ಇಷ್ಟು ಸಾಕು, ಕಾಫಿ ಮೆಷಿನ್ ಬೇಡ!

ಮ್ಯಾನೇಜರ್ ಮೇಡಂ ಪೂರ್ತಿ ಕೇಳಿ, "ಖರ್ಚೆಷ್ಟು ಅಂತ ಒಂದು ಪೇಜಲ್ಲಿ ಬರ್ದು ಕಳ್ಸಮ್ಮ, ನಾನು ಮಾತಾಡ್ತೀನಿ" ಅಂದ್ರು. ಕುಶಾಲನಗರ ಬಸ್ ಸ್ಟ್ಯಾಂಡ್ ಹತ್ರ ಮೆಡಿಕಲ್ ಶಾಪ್ ಮೇಲಿನ ಜಾಗ ಖಾಲಿ ಇದೆ ಅಂತ ಅತ್ತೆ ಹೇಳಿದಾರೆ, ಓನರ್ ಅವ್ರಿಗೆ ಪರಿಚಯ. ಶನಿವಾರ ಎಲೆಕ್ಟ್ರಿಷಿಯನ್ನ ಕರ್ಕೊಂಡು ಹೋಗಿ ವೈರಿಂಗ್ ನೋಡ್ಬೇಕು, ಎರಡನೇ ಫೈಬರ್ ಆ ರಸ್ತೆಗೆ ಬಂದಿದ್ಯಾ ಅಂತ ಕೇಬಲ್ ಅಣ್ಣಂಗೆ ಕೇಳ್ಬೇಕು.